ಹೊರನಾಡಿನ ಪಂಕ್ತಿಯಲ್ಲಿ ಗೆಳತಿಯ ಪಕ್ಕ

ಕೊಟ್ಟಿಗೆಹಾರಕ್ಕೆ ಹೋದವರಿಗೆ ಗೊತ್ತು, ಅಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗುವ ಹಾಗಿಲ್ಲ. ಮೂಡಿಗೆರೆ ಕಡೆಯಿಂದ ಬಂದ ರಸ್ತೆ ಇಲ್ಲಿ ಕವಲಾಗುತ್ತದೆ. ಒಂದು ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳದ ಕಡೆಗೆ, ಇನ್ನೊಂದು ಕಳಸ, ಹೊರನಾಡಿನ ಕಡೆಗೆ. ಎರಡೂ ಕಡೆಯವರು ಇಲ್ಲಿ ಗಾಡಿ ನಿಲ್ಲಿಸಿ, ಮಂಜಿನಲ್ಲಿ ಕೈ ಉಜ್ಜಿಕೊಳ್ಳುತ್ತಾ ಹೋಟೆಲ್ ಒಳಗೆ ನುಗ್ಗುತ್ತಾರೆ. ಬೆಳ್ಳಗಿನ, ತೆಳ್ಳಗಿನ, ಕರ್ಚೀಫಿನ ಹಾಗೆ ಮಡಚಿ ತರುವ ದೋಸೆ. ಎಷ್ಟು ತಿಂದೆವು ಅಂತ ಬಿಲ್ ಬಂದಾಗಲೇ ಗೊತ್ತಾಗೋದು.

ಕಳೆದ ನವೆಂಬರ್‌ನ ಒಂದು ಶನಿವಾರ ನಾವು ಮೂವರು ಹಾಗೆ ಕೂತಿದ್ದೆವು. ಮೂವರೂ ಒಂದು ಕಾಲದಲ್ಲಿ ಬಿಟಿಎಂ ಲೇಔಟ್‌ನ ಒಂದೇ ಪಿಜಿಯಲ್ಲಿ ಇದ್ದವರು. ಈಗ ಬೇರೆ ಬೇರೆ ಆಫೀಸು, ಬೇರೆ ಬೇರೆ ಮನೆ. ಬೆಳಗಿನ ಜಾವ 4 ಗಂಟೆಗೆ ಬೆಂಗಳೂರು ಬಿಟ್ಟು, ಹಾಸನ, ಬೇಲೂರು ದಾಟಿ ಬಂದಿದ್ದೆವು. ಹಸಿವು ಅಂದರೆ ಹಸಿವು.

ನಮ್ಮ ಗೆಳತಿ (ಅವಳ ಹೆಸರು ಬೇಡ; ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ) ನಮ್ಮಿಬ್ಬರಿಗೂ ಆರ್ಡರ್ ಮಾಡಿದಳು. ಚಟ್ನಿ ಇನ್ನೊಂದು ಸಲ ತರಿಸಿದಳು. ಎದ್ದು ಹೋಗಿ ಕಾವಲಿಯ ಮೇಲೆ ಹಿಟ್ಟು ಹುಯ್ಯುವುದನ್ನು ವಿಡಿಯೋ ಮಾಡಿಕೊಂಡು, ಯಾವ ಅಕ್ಕಿ, ಎಷ್ಟು ಹೊತ್ತು ನೆನೆಸ್ತೀರಾ ಅಂತೆಲ್ಲ ವಿಚಾರಿಸಿದಳು. ‘ಇನ್ನೊಂದು ತಿನ್ನೇ, ಬಿಸಿ ಇದೆ’ ಅಂತ ನನ್ನ ತಟ್ಟೆಗೆ ತಾನೇ ಹಾಕಿದಳು. ತಾನು ಮಾತ್ರ ಸಕ್ಕರೆ ಇಲ್ಲದ ಬ್ಲ್ಯಾಕ್ ಕಾಫಿ ಹಿಡಿದು ಕೂತಳು.

‘ನಿಂಗೆ?’

‘ಶನಿವಾರ ಅಲ್ವಾ, ಒಪ್ಪತ್ತು.’

ಗುರುವಾರ ರಾಯರದ್ದು, ಸೋಮವಾರ ಶಿವನದ್ದು, ನಡುವೆ ಸಂಕಷ್ಟಿ, ಏಕಾದಶಿ. ಎರಡು ವರ್ಷದ ಹಿಂದೆ ಯಾವ ದೇವರ ಹೆಸರಲ್ಲೂ ತಿಂಡಿ ಬಿಡದಿದ್ದವಳು ಇವಳು. ಶುರುವಾಗಿದ್ದು ತಂಗಿಯ ಮದುವೆಗೆ ಸ್ವಲ್ಪ ಸಣ್ಣ ಆಗಬೇಕು ಅಂತ. ಮದುವೆ ಮುಗಿದು ವರ್ಷವಾಗಿತ್ತು, ಡಯಟ್ ಮುಗಿದಿರಲಿಲ್ಲ. ಮೊದಲು ಅನ್ನ ಹೋಯಿತು, ಆಮೇಲೆ ಎಣ್ಣೆ, ಆಮೇಲೆ ಹಣ್ಣು ಕೂಡ. ಆಫೀಸಿನಲ್ಲಿ ‘ವಾವ್, ಎಷ್ಟು ಸ್ಲಿಮ್ ಆಗಿದ್ದೀಯ, ಟಿಪ್ಸ್ ಕೊಡೇ’ ಅನ್ನುವವರಿಗೆ ಬರವಿಲ್ಲ. ನಮ್ಮಲ್ಲಿ ತೆಳ್ಳಗಾದವರನ್ನು ಹೊಗಳುವಾಗ ಯಾರೂ ‘ಹುಷಾರಾಗಿದ್ದೀಯ ತಾನೇ?’ ಅಂತ ಕೇಳುವುದಿಲ್ಲ ನೋಡಿ. ಜ್ವರ ಬಂದು ತೂಕ ಇಳಿದರೂ ಒಂದು ಅಭಿನಂದನೆ ಗ್ಯಾರಂಟಿ.

ತಾನು ತಿನ್ನದೆ ಬೇರೆಯವರಿಗೆ ತಿನ್ನಿಸಿ, ರಾತ್ರಿ 1 ಗಂಟೆವರೆಗೆ ಬಿರಿಯಾನಿ, ಕೇಕ್ ರೀಲ್ಸ್ ನೋಡುವ ಅವಳ ಈ ಹೊಸ ಅಭ್ಯಾಸ ನನಗೆ ಒಗಟಾಗಿತ್ತು. ಆಮೇಲೆ ಓದಿದಾಗ ಸ್ವಲ್ಪ ಅರ್ಥವಾಯಿತು. 1944ರ ಕೊನೆಯಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನಿಟ್ಟುಕೊಂಡು ಒಂದು ಪ್ರಯೋಗ ಮಾಡಿದರು. ಯುದ್ಧದಿಂದ ಹಸಿದು ಕಂಗೆಟ್ಟ ಯುರೋಪಿನ ಜನರಿಗೆ ಮತ್ತೆ ಹೇಗೆ ಉಣಿಸಬೇಕು ಅಂತ ತಿಳಿಯಲು. ತಾವಾಗಿಯೇ ಮುಂದೆ ಬಂದಿದ್ದ ಆ ಹುಡುಗರಿಗೆ 24 ವಾರ ಅರ್ಧ ಹೊಟ್ಟೆ ಊಟ. ತೂಕ ಸುಮಾರು ಕಾಲು ಭಾಗ ಇಳಿಯಿತು. ಅಷ್ಟೇ ಆಗಿದ್ದರೆ ಸುದ್ದಿಯಲ್ಲ. ಅವರು ಅಡುಗೆ ಪುಸ್ತಕ ಓದತೊಡಗಿದರು, ರೆಸಿಪಿ ಕೂಡಿಡತೊಡಗಿದರು. ಇಷ್ಟೇ ಇಷ್ಟು ಊಟವನ್ನು ಗಂಟೆಗಟ್ಟಲೆ ಎಳೆದು ತಿಂದರು. ಬೇಸಿಗೆಯಲ್ಲೂ ಚಳಿ ಅಂದರು. ಸಿಡುಕಿದರು, ಒಬ್ಬೊಬ್ಬರೇ ಕೂತರು. ಅವರಲ್ಲಿ ಯಾರಿಗೂ ತೆಳ್ಳಗಾಗುವ ಆಸೆ ಇರಲಿಲ್ಲ. ಹಸಿದ ಮೆದುಳು ಅನ್ನದ ಸುತ್ತಲೇ ಸುತ್ತುತ್ತದೆ. ಅವಳದ್ದು ಹಟ, ಜಂಬ, ನಾಟಕ ಅಂತ ಗೊಣಗುತ್ತಿದ್ದ ನಮ್ಮ ಇನ್ನೊಬ್ಬ ಗೆಳತಿಗೂ ಇದನ್ನು ಓದಿಸಿದೆ.

ಕೊಟ್ಟಿಗೆಹಾರ ಬಿಟ್ಟ ಮೇಲೆ ರಸ್ತೆ ಕಾಫಿ ತೋಟಗಳ ಒಳಗೇ ಹೋಗುತ್ತದೆ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಂಪಗಾಗುತ್ತಿದ್ದ ಕಾಫಿ ಹಣ್ಣು, ತಿರುವಿಗೊಂದು ತಿರುವು. ಕಿಟಕಿ ಇಳಿಸಿದರೆ ಸಾಕು, ಒದ್ದೆ ಎಲೆಯ ವಾಸನೆ. ಬಿಸಿಲು ಏರಿದ ಮೇಲೂ ಹಿಂದಿನ ಸೀಟಿನಲ್ಲಿ ಅವಳು ಸ್ವೆಟರ್ ಮೇಲೊಂದು ಶಾಲು ಹೊದ್ದಿದ್ದಳು. ‘ಗ್ಲಾಸ್ ಏರ್ಸೇ, ಚಳಿ’ ಅಂತ ಮೂರು ಸಲ ಹೇಳಿದಳು. ನಾವು ಅರ್ಧ ತೋಳಿನ ಟಾಪ್‌ನಲ್ಲಿದ್ದೆವು.

ಕಳಸದ ಹತ್ತಿರ ಒಂದು ಹೋಮ್‌ಸ್ಟೇ. ಅಡಿಕೆ ತೋಟದ ನಡುವೆ ಹಳೆಯ ಮನೆ. ಮಧ್ಯಾಹ್ನ ಜೀಪು ಮಾಡಿಕೊಂಡು ಕ್ಯಾತನಮಕ್ಕಿಗೆ ಹೊರಟೆವು. ಆ ಜೀಪು ಸವಾರಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಹೋದವರ ಸೊಂಟವೇ ಹೇಳುತ್ತದೆ. ಮೇಲೆ ಹೋದರೆ ಮಾತ್ರ ಎಲ್ಲ ಮರೆಯುತ್ತದೆ. ಕಣ್ಣು ಹೋದಷ್ಟು ದೂರ ಹುಲ್ಲಿನ ಬೆಟ್ಟ, ಬೆಟ್ಟಗಳ ಮಡಿಲಲ್ಲಿ ಕಪ್ಪು ಹಸಿರಿನ ಶೋಲಾ ಕಾಡು, ಆಚೆ ಕುದುರೆಮುಖದ ಸಾಲು. ಜೀಪು ಇಳಿದು ತುದಿಯವರೆಗೆ ಸ್ವಲ್ಪ ನಡಿಗೆ, ಅಷ್ಟೇ. ಅಜ್ಜಿಯರು ಚಪ್ಪಲಿ ಕೈಯಲ್ಲಿ ಹಿಡಿದು ಹತ್ತುತ್ತಿದ್ದರು.

ಅವಳು ಅರ್ಧದಲ್ಲೇ ಕೂತುಬಿಟ್ಟಳು. ತುಟಿ ಬಿಳಿಚಿಕೊಂಡಿತ್ತು. ಎದ್ದು ನಿಂತರೆ ಕಣ್ಣು ಕತ್ತಲೆ. ಕೈ ಹಿಡಿದೆ, ಮಂಜುಗಡ್ಡೆ. ಸ್ವೆಟರ್ ತೋಳು ಮೇಲೆ ಸರಿದಾಗ ಮುಂಗೈ ಮೇಲೆ ಮಗುವಿನ ಮೈಯಲ್ಲಿ ಇರುತ್ತಲ್ಲ, ಅಂಥ ನವಿರಾದ ಕೂದಲು ಕಂಡಿತು. ದೇಹಕ್ಕೆ ಬೆಚ್ಚಗಿರಲು ಕೊಬ್ಬು ಸಾಲದಾದಾಗ ಹೀಗೆ ಕೂದಲು ಬರುವುದುಂಟು ಅಂತ ಆಮೇಲೆ ಡಾಕ್ಟರ್ ಹೇಳಿದರು. ಆ ಹೊತ್ತಿಗೆ ನಮಗೆ ತಿಳಿದದ್ದು ಇಷ್ಟೇ, ಇದು ಶನಿವಾರದ ಒಪ್ಪತ್ತಲ್ಲ.

ರಾತ್ರಿ ಊಟಕ್ಕೆ ಹೋಮ್‌ಸ್ಟೇ ಅಕ್ಕ ಬಿಸಿ ಅನ್ನ, ಒಂದೆಲಗದ ತಂಬುಳಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಬಡಿಸಿದರು. ಮಲೆನಾಡಿನಲ್ಲಿ ಬಡಿಸುವುದೆಂದರೆ ಕೇಳಬೇಕೇ, ಬೇಡ ಅಂದರೆ ಇನ್ನೊಂದು ಸೌಟು. ಗೆಳತಿ ಎರಡು ಚಮಚ ತಂಬುಳಿ ಕುಡಿದು ಕೈ ತೊಳೆದಳು. ಮೂಲೆಯಲ್ಲಿ ಅಡಿಕೆ ಕುಟ್ಟುತ್ತಿದ್ದ ಅಜ್ಜಿ ತಲೆ ಎತ್ತಿದರು.

‘ಎಂತ ವ್ರತ ಮಾರಾಯ್ತಿ ನಿಂದು?’

‘ಸುಮ್ನೆ ಅಜ್ಜಿ, ಒಪ್ಪತ್ತು.’

‘ಒಪ್ಪತ್ತಂದ್ರೆ ಒಂದು ಹೊತ್ತಾದ್ರೂ ಉಣ್ಬೇಕಲ್ಲ. ಪಾರಣೆ ಯಾವತ್ತು?’

ಅಜ್ಜಿ ಮದುವೆಯಾದಾಗಿನಿಂದ ಏಕಾದಶಿ ಮಾಡಿಕೊಂಡು ಬಂದವರಂತೆ. ನೀರೂ ಲೆಕ್ಕ ಹಾಕಿ ಕುಡಿಯುವಷ್ಟು ಕಟ್ಟುನಿಟ್ಟು. ಆದರೆ ದ್ವಾದಶಿ ಬೆಳಿಗ್ಗೆ ಬೇಗ ಎದ್ದು, ಸ್ನಾನ ಮಾಡಿ, ಹೊತ್ತಿಗೆ ಸರಿಯಾಗಿ ಊಟ ಮಾಡುವುದೂ ಅಷ್ಟೇ ಕಟ್ಟುನಿಟ್ಟು. ಪಾರಣೆ ತಪ್ಪಿದರೆ ಉಪವಾಸದ ಫಲವೂ ಇಲ್ಲ ಅಂದರು. ವ್ರತಕ್ಕೆ ಒಂದು ಕೊನೆ ಇರುತ್ತದೆ, ಆ ಕೊನೆಯಲ್ಲಿ ಅನ್ನ ಇರುತ್ತದೆ. ಅಜ್ಜಿ ಏನೋ ದೊಡ್ಡ ಮಾತು ಹೇಳುತ್ತಿದ್ದೇನೆ ಅಂದುಕೊಂಡು ಹೇಳಿದ್ದಲ್ಲ. ನಿಜವಾಗಿಯೂ ದಿನ ಕೇಳಿದ್ದರು, ಬೆಳಿಗ್ಗೆ ಬೇಗ ಅಡುಗೆ ಮಾಡಬೇಕಾ ಅಂತ ತಿಳಿಯಲು. ಗೆಳತಿಯ ಹತ್ತಿರ ಉತ್ತರ ಇರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಅಂಬಾತೀರ್ಥಕ್ಕೆ ಹೋದೆವು. ಭದ್ರೆ ಇಲ್ಲಿ ಬಂಡೆಗಳನ್ನು ಕೊರೆದು, ತಿರುಚಿ, ನುಣುಪು ಮಾಡಿ ಹರಿಯುತ್ತಾಳೆ. ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರು ಅಂತ ಜನ ನಂಬುವ ದೊಡ್ಡ ಬಂಡೆ ಇರುವುದು ಇಲ್ಲೇ. ಅದರ ಮೇಲೆ ಶಾಸನವೂ ಇದೆ. ನೋಡಲು ಶಾಂತ ನೀರು, ಒಳಗೆ ಸೆಳೆತ. ಇಳಿಯುವ ಸಾಹಸ ಬೇಡ.

ದಡದ ಬಂಡೆ ಮೇಲೆ ಕೂತು ನಾನೇ ಮಾತು ತೆಗೆದೆ. ಹಿಂದಿನ ರಾತ್ರಿ ನಾವಿಬ್ಬರು ಹಾಸಿಗೆಯಲ್ಲಿ ಪಿಸುಗುಟ್ಟಿ ಒಂದು ತೀರ್ಮಾನಕ್ಕೆ ಬಂದಿದ್ದೆವು. ತೂಕದ ಮಾತು ಬೇಡ, ‘ತಿನ್ನು’ ಅನ್ನೋದು ಬೇಡ, ‘ಹೆಂಗಾಗಿದ್ದೀಯ ನೋಡು’ ಅಂತಲೂ ಬೇಡ. ಕಣ್ಣಾರೆ ಕಂಡದ್ದನ್ನಷ್ಟೇ ಹೇಳೋಣ ಅಂತ.

‘ನಿನ್ನೆ ಬೆಟ್ಟದ ಮೇಲೆ ನಿಂಗೆ ಕಣ್ಣು ಕತ್ತಲೆ ಬಂತಲ್ಲ, ನಂಗೆ ತುಂಬ ಭಯ ಆಯ್ತು ಕಣೇ. ಯಾವಾಗ್ಲೂ ಚಳಿ ಅಂತೀಯ. ಮೊದ್ಲು ಎಷ್ಟು ನಗ್ತಿದ್ದೆ. ಒಂದ್ಸಲ ಡಾಕ್ಟರ್ ಹತ್ರ ಹೋಗಿ ಬರೋಣ, ನಾನೂ ಬರ್ತೀನಿ.’

‘ನೀನೂ ಅಮ್ಮನ ಥರ ಶುರು ಮಾಡ್ಬೇಡ. ಬ್ಲಡ್ ಟೆಸ್ಟ್ ಎಲ್ಲ ನಾರ್ಮಲ್ ಇದೆ. ನಿಮಗೆ ಹೊಟ್ಟೆಕಿಚ್ಚು.’

ಎದ್ದು ಹೋದಳು. ಹೊಟ್ಟೆಕಿಚ್ಚು ಅನ್ನುವ ಮಾತು ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಆದರೆ ಇಂಥ ಮಾತಿಗೆ ಸಿಟ್ಟು ಬರುವುದು ಸಹಜ. ತನ್ನನ್ನು ಕಾಪಾಡುತ್ತಿದೆ ಅಂತ ಅವಳು ನಂಬಿದ್ದನ್ನೇ ನಾವು ಕಿತ್ತುಕೊಳ್ಳಲು ಹೊರಟಿದ್ದೇವೆ ಅಂತ ಅವಳಿಗೆ ಅನ್ನಿಸಿರುತ್ತದೆ. ವಾದ ಬೆಳೆಸಲಿಲ್ಲ. ‘ಸರಿ, ನಾನು ಹೇಳಿದ್ದು ಹೇಳಿದ್ದೇ. ನಿಂಗೆ ಯಾವಾಗ ಬೇಕೋ ಆವಾಗ ಹೋಗೋಣ’ ಅಂದು ಕಾರು ಹತ್ತಿದೆವು. ಹೊರನಾಡಿನವರೆಗೂ ಯಾರೂ ಮಾತಾಡಲಿಲ್ಲ.

ಹೊರನಾಡು ಅನ್ನಪೂರ್ಣೇಶ್ವರಿಯ ಊರು. ಸುತ್ತ ಕಾಡು, ಕೆಳಗೆ ಭದ್ರೆ, ಮೆಟ್ಟಿಲು ಹತ್ತಿದರೆ ಹೊಳೆಯುವ ಅಮ್ಮನ ಮೂರ್ತಿ. ಯಾವ ಜಾತಿ, ಯಾವ ಊರು ಅಂತ ಕೇಳದೆ ಬಂದವರಿಗೆಲ್ಲ ಊಟ. ಒಮ್ಮೆ ಶಿವ ಈ ಲೋಕದಲ್ಲಿ ಎಲ್ಲವೂ ಮಾಯೆ, ಅನ್ನ ಕೂಡ ಮಾಯೆ ಅಂದನಂತೆ. ಪಾರ್ವತಿ ಸಿಟ್ಟಾಗಿ ಮಾಯವಾದಳು. ಅವಳ ಜೊತೆ ಅನ್ನವೂ ಹೋಯಿತು. ಲೋಕ ಹಸಿದಾಗ ಶಿವನೇ ಭಿಕ್ಷಾಪಾತ್ರೆ ಹಿಡಿದು ಅನ್ನಪೂರ್ಣೆಯ ಮುಂದೆ ನಿಂತ. ಚಿಕ್ಕಂದಿನಿಂದ ಕೇಳಿದ ಕಥೆ. ಅವತ್ತು ಕ್ಯೂನಲ್ಲಿ ನಿಂತಾಗ ನೆನಪಾಗಿ, ಪಕ್ಕದಲ್ಲಿದ್ದ ಗೆಳತಿಗೆ ಹೇಳಲು ಬಾಯಿ ಬರಲಿಲ್ಲ. ದೇವರ ಕಥೆಯಿಂದ ಯಾರನ್ನೂ ಮಣಿಸಬಾರದು.

ದರ್ಶನ ಆಯಿತು. ಊಟಕ್ಕೆ ಕೂತೆವು. ಅನ್ನ, ಸಾರು, ಪಲ್ಯ, ಪಾಯಸ. ‘ಸ್ವಲ್ಪ, ಸ್ವಲ್ಪ, ಸಾಕು’ ಅಂತ ಅವಳು ಕೈ ಅಡ್ಡ ಹಿಡಿಯುವಷ್ಟರಲ್ಲಿ ಬಡಿಸುವವರು ಮುಂದೆ ಹೋಗಿದ್ದರು. ಎದುರಿಗೆ ಅನ್ನದ ಗುಡ್ಡೆ. ಅವಳ ಮುಖ ನೋಡಬೇಕಿತ್ತು. ನಮಗೆ ಊಟ, ಅವಳಿಗೆ ಹಾವು. ಬೆರಳಿನಿಂದ ಅನ್ನ ಆಚೆ ಈಚೆ ಸರಿಸುತ್ತಾ, ಸಾರಿನಲ್ಲಿ ತೇಲುವ ಎಣ್ಣೆಯನ್ನು ಅಂಚಿಗೆ ತಳ್ಳುತ್ತಾ ಕೂತಳು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ‘ಅಮ್ಮನ ಪ್ರಸಾದ ಮಗಳೇ, ಬಿಡಬಾರದು’ ಅಂದರು. ಅವಳ ಕಣ್ಣು ತುಂಬಿತು.

ನನ್ನ ಜೊತೆಗಿದ್ದವಳು ಇದ್ದಕ್ಕಿದ್ದಂತೆ ತನ್ನ ಆಫೀಸಿನ ಕಥೆ ಶುರು ಮಾಡಿದಳು. ಮೀಟಿಂಗ್ ನಡುವೆ ಮ್ಯಾನೇಜರ್ ಮೈಕ್ ಆನ್ ಇಟ್ಟು ಹೆಂಡತಿ ಜೊತೆ ಕೊತ್ತಂಬರಿ ಸೊಪ್ಪಿಗೆ ಜಗಳ ಆಡಿದ್ದು. ನಾನು ನಕ್ಕೆ. ಗೆಳತಿಯ ತಟ್ಟೆ ಕಡೆ ಇಬ್ಬರೂ ನೋಡಲಿಲ್ಲ. ಪಂಕ್ತಿ ಎದ್ದಿತು, ನಾವು ಏಳಲಿಲ್ಲ. ಒರೆಸುವವರು ನಮ್ಮ ಸಾಲಿನ ಆ ತುದಿಯಿಂದ ಬರುತ್ತಿದ್ದರು. ಕೊತ್ತಂಬರಿ ಸೊಪ್ಪು ಮುಗಿದು ಮನೆ ಓನರ್ ಕಥೆ ಬಂತು. ಅವಳು ಒಂದೊಂದೇ ತುತ್ತು, ಅಳುತ್ತಾ, ಮೂಗು ಒರೆಸಿಕೊಳ್ಳುತ್ತಾ, ನಾಲ್ಕೈದು ತುತ್ತು ತಿಂದಳು. ಪಾಯಸ ಮುಟ್ಟಲಿಲ್ಲ. ಒರೆಸಲು ಬಂದ ಅಮ್ಮ ನಮ್ಮನ್ನು ನೋಡಿ, ಏನೂ ಕೇಳದೆ, ನಮ್ಮನ್ನು ಬಿಟ್ಟು ಮುಂದಿನ ಸಾಲಿಗೆ ಹೋದರು. ಆ ತಾಯಿಗೆ ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಅದು ಪವಾಡವೇನಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ಆ ನಾಲ್ಕು ತುತ್ತಿಗೆ ಅವಳು ಒಳಗೊಳಗೇ ಸಂಕಟಪಟ್ಟಳು. ಬೇಲೂರು ದಾಟಿದ ಮೇಲೆ, ಕತ್ತಲಾದ ಮೇಲೆ, ಹಿಂದಿನ ಸೀಟಿನಿಂದ ದನಿ ಬಂತು.

‘ಐದು ತಿಂಗಳಾಯ್ತು, ಪೀರಿಯಡ್ಸ್ ಬಂದಿಲ್ಲ. ಯಾರಿಗೂ ಹೇಳಿಲ್ಲ.’

ಕತ್ತಲಲ್ಲಿ, ಮುಖ ನೋಡದೆ ಇರುವಾಗ ಇಂಥ ಮಾತು ಹೊರಗೆ ಬರುತ್ತದೆ. ನಾವೂ ಹಿಂದೆ ತಿರುಗಿ ನೋಡಲಿಲ್ಲ. ‘ಬುಧವಾರ ರಜೆ ಹಾಕ್ತೀನಿ’ ಅಂದೆ.

ಮೊದಲು ಹೋದ ಕ್ಲಿನಿಕ್‌ನಲ್ಲಿ ರಕ್ತ ಕಡಿಮೆ ಇದೆ, ಚೆನ್ನಾಗಿ ತಿನ್ನಮ್ಮ ಅಂತ ಐರನ್ ಮಾತ್ರೆ ಬರೆದುಕೊಟ್ಟು ಕಳಿಸಿದರು. ಐದೇ ನಿಮಿಷ. ಅಲ್ಲಿಗೇ ನಿಲ್ಲಿಸಿದ್ದರೆ ಕಷ್ಟವಿತ್ತು. ಎರಡನೇ ಡಾಕ್ಟರ್ ಮಲಗಿಸಿ, ಎದ್ದು ನಿಲ್ಲಿಸಿ ಬಿಪಿ, ನಾಡಿ ನೋಡಿದರು. ಇಸಿಜಿ ಮಾಡಿಸಿದರು. ಪೊಟ್ಯಾಸಿಯಂ, ಫಾಸ್ಫೇಟ್ ಎಲ್ಲ ಪರೀಕ್ಷೆ ಮಾಡಿಸಿದರು. ಹೃದಯ ತೀರಾ ನಿಧಾನ ಬಡಿಯುತ್ತಿತ್ತು. ಮನೋವೈದ್ಯರ ಹತ್ತಿರ ಕಳಿಸಿದರು. ಅನೊರೆಕ್ಸಿಯಾ ಎಂಬ ಹೆಸರು ಬಂದದ್ದು ಅಲ್ಲಿ. ಮನೋರೋಗಗಳಲ್ಲಿ ಜೀವಕ್ಕೆ ಅತಿ ಹೆಚ್ಚು ಅಪಾಯ ತರುವವುಗಳಲ್ಲಿ ಇದೂ ಒಂದು ಅಂತ ಕೇಳಿದಾಗ ನನ್ನ ಕೈಯೂ ತಣ್ಣಗಾಯಿತು. ಅಮೆರಿಕದ ಪ್ರಸಿದ್ಧ ಗಾಯಕಿ ಕರೆನ್ ಕಾರ್ಪೆಂಟರ್ 1983ರಲ್ಲಿ ತೀರಿಕೊಂಡದ್ದು ಇದರಿಂದ ಹೃದಯ ಸೋತು; ವಯಸ್ಸು 32. ತೀರಾ ತೆಳ್ಳಗೆ ಕಾಣದವರಲ್ಲೂ ಇದು ಇರಬಹುದು, ಹುಡುಗರಿಗೂ ಬರುತ್ತದೆ, ಬ್ಲಡ್ ಟೆಸ್ಟ್ ನಾರ್ಮಲ್ ಇದ್ದ ಮಾತ್ರಕ್ಕೆ ನಿಶ್ಚಿಂತೆ ಅಲ್ಲ ಅಂದರು ಡಾಕ್ಟರ್.

ಮನೆಯವರಿಗೆ ಅವಳೇ ಹೇಳಿದಳು, ನಾವು ಪಕ್ಕದಲ್ಲಿದ್ದೆವು. ಅವಳು ಒಪ್ಪದಿದ್ದರೂ, ಜೀವಕ್ಕೆ ಕುತ್ತು ಅನ್ನಿಸಿದ್ದರೆ ನಾನು ಹೇಳಿಯೇ ಹೇಳುತ್ತಿದ್ದೆ. ಇಂಥ ಗುಟ್ಟನ್ನು ಗೆಳೆತನದ ಹೆಸರಿನಲ್ಲಿ ಒಬ್ಬರೇ ಹೊರಬಾರದು. ಅವಳಮ್ಮನ ಮೊದಲ ಮಾತು ‘ಊರಿಗೆ ಕರ್ಕೊಂಡು ಬಂದ್ಬಿಡಿ, ತುಪ್ಪ, ಹಾಲು ಹಾಕಿ ಒಂದು ತಿಂಗಳಲ್ಲಿ ಸರಿ ಮಾಡ್ತೀನಿ’ ಅಂತ. ಆ ಪ್ರೀತಿಗೆ ಏನು ಹೇಳುವುದು! ಆದರೆ ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಸುರಿದರೆ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯಕ್ಕೇ ಪೆಟ್ಟು ಬೀಳಬಹುದು. ಆಹಾರ ಹೆಚ್ಚಿಸುವುದನ್ನೂ ಡಾಕ್ಟರ್, ಡಯಟಿಷಿಯನ್ ಹೇಳಿದ ಹಾಗೆ, ಹಂತ ಹಂತವಾಗಿ ಮಾಡಬೇಕು. ಅಮ್ಮನಿಗೆ ಅದನ್ನು ಡಾಕ್ಟರೇ ಫೋನಿನಲ್ಲಿ ವಿವರಿಸಿದರು.

ಈಗಲೂ ಚಿಕಿತ್ಸೆ ನಡೆಯುತ್ತಿದೆ. ಕೆಲವು ವಾರ ಚೆನ್ನಾಗಿರುತ್ತಾಳೆ, ಕೆಲವು ವಾರ ಫೋನ್ ಎತ್ತುವುದಿಲ್ಲ. ಕ್ಯಾಲೊರಿ ಲೆಕ್ಕದ ಆ್ಯಪ್ ಎರಡು ಸಲ ತೆಗೆದು ಎರಡು ಸಲ ಹಾಕಿಕೊಂಡಿದ್ದಾಳೆ. ನಾವು ಪೊಲೀಸ್ ಕೆಲಸ ಮಾಡುವುದಿಲ್ಲ. ಮಂಗಳವಾರ, ಶುಕ್ರವಾರ ರಾತ್ರಿ ಅವಳ ಜೊತೆ ಕೂತು ಊಟ ಮಾಡುತ್ತೇವೆ, ಇಲ್ಲ ಅಂದರೆ ವಿಡಿಯೋ ಕಾಲ್‌ನಲ್ಲಿ. ತಟ್ಟೆಯಲ್ಲಿ ಏನಿದೆ ಅಂತ ಕೇಳುವುದಿಲ್ಲ. ಊಟವಾದ ಮೇಲಿನ ಅರ್ಧ ಗಂಟೆ ಅವಳಿಗೆ ತುಂಬ ಕಷ್ಟದ ಹೊತ್ತು, ಹಾಗಾಗಿ ಆಗ ಫೋನ್ ಇಡುವುದಿಲ್ಲ. ‘ದಪ್ಪ ಆಗಿದ್ದೀನಾ?’ ಅಂತ ಅವಳು ಕೇಳಿದರೆ ‘ಇಲ್ಲ’ ಅಂತಲೂ ಹೇಳುವುದಿಲ್ಲ, ‘ಹೌದು’ ಅಂತಲೂ ಹೇಳುವುದಿಲ್ಲ. ‘ಇವತ್ತು ದಿನ ಕಷ್ಟ ಇತ್ತಾ?’ ಅಂತ ಕೇಳುತ್ತೇವೆ. ಮುಖದಲ್ಲಿ ಕಳೆ ಬಂತು, ಮೈ ತುಂಬಿಕೊಂಡೆ ಅನ್ನುವ ಮೆಚ್ಚುಗೆ ಅವಳ ಕಿವಿಗೆ ಬೈಗುಳದ ಹಾಗೆ ಬೀಳುತ್ತದೆ ಅಂತ ಅವಳೇ ಹೇಳಿದ್ದು. ಬಂಧುಗಳಿಗೆ ಇದನ್ನು ಅರ್ಥ ಮಾಡಿಸುವುದಕ್ಕಿಂತ ಕ್ಯಾತನಮಕ್ಕಿ ಜೀಪು ಓಡಿಸುವುದು ಸುಲಭ.

ನಿಮ್ಮ ಬಳಗದಲ್ಲೂ ಇಂಥವರು ಇದ್ದು, ಎಲ್ಲಿಂದ ಶುರು ಮಾಡುವುದು ಗೊತ್ತಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ ಇದೆ: 14416. 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಗೆಳೆಯರೂ ಕರೆ ಮಾಡಿ ಸಲಹೆ ಕೇಳಬಹುದು. ಪ್ರಜ್ಞೆ ತಪ್ಪುವುದು, ಎದೆ ನೋವು, ನೀರೂ ಸೇರದಿರುವುದು, ಬದುಕು ಸಾಕು ಅನ್ನುವ ಮಾತು ಬಂದರೆ ಮಾತ್ರ ಸಹಾಯವಾಣಿಗೂ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಹೊರನಾಡಿಗೆ ಹೋಗುವವರಿಗೆ: ಬೆಂಗಳೂರಿನಿಂದ ಸುಮಾರು 320 ಕಿ.ಮೀ. ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ ಮಾರ್ಗ. ಕೆಎಸ್‌ಆರ್‌ಟಿಸಿ ರಾತ್ರಿ ಬಸ್ಸೂ ಇದೆ. ಮಳೆಗಾಲದಲ್ಲಿ ಇಲ್ಲಿನ ಮಳೆ ತಮಾಷೆಯಲ್ಲ, ನವೆಂಬರ್‌ನಿಂದ ಫೆಬ್ರುವರಿವರೆಗೆ ಹಿತ. ದೇವಸ್ಥಾನದಲ್ಲಿ ಗಂಡಸರು ಅಂಗಿ ತೆಗೆದು ಶಲ್ಯ ಹೊದೆಯಬೇಕು, ಒಂದು ಬ್ಯಾಗಿನಲ್ಲಿರಲಿ. ಭಾನುವಾರ ಮಧ್ಯಾಹ್ನ ಜನ ಜಾಸ್ತಿ. ಕೈಯಲ್ಲಿ ಸಮಯ ಇಟ್ಟುಕೊಂಡು ಹೋಗಿ; ನಿಧಾನಕ್ಕೆ ಉಣ್ಣುವವರು ಜೊತೆಗಿದ್ದರೆ ಇನ್ನೂ ಒಂದು ಗಂಟೆ ಜಾಸ್ತಿ.